ಹನ್ನೊಂದು ಪೊಟ್ಟಣಗಳ ಹತ್ತಿ

ಇದನ್ನು ಬರೆಯಬೇಕೆಂದು ಕೂತು, ಎದ್ದು, ಮತ್ತೆ ಕೂತು ಒಂಬತ್ತು ವರ್ಷವಾಯಿತು. ಕೆಲಸದಲ್ಲಿದ್ದಾಗ, ನಿವೃತ್ತಿಯಾಗಲಿ, ಆಮೇಲೆ ಬರೆದರಾಯಿತು ಎಂದುಕೊಂಡೆ. ನಿವೃತ್ತಿಯಾದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದುಕೊಂಡೆ. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ನೆಪ ಮುಗಿದಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಚೆಂದ ಮಾಡಿ ಹೇಳಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾನು ವಿಲಾಯಿತಿಯಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಹೇಸ್‌ನಲ್ಲಿ ಕಾಲುವೆಯ ದಂಡೆಗಿದ್ದ ಒಂದು ಉಗ್ರಾಣದಲ್ಲಿ ಕೆಲಸಕ್ಕಿದ್ದೆ. ಅಕ್ಕಪಕ್ಕದ ಉಗ್ರಾಣಗಳಲ್ಲಿ ವಿಮಾನದಿಂದ ಇಳಿದ ಹೂವು, ಹಣ್ಣು, ಔಷಧಿ ಬಂದು ಅದೇ ದಿನ ಹೊರಡುತ್ತಿದ್ದವು. ನಮ್ಮಲ್ಲಿ ಇದ್ದದ್ದು ಯಾರಿಗೂ ಅವಸರವಿಲ್ಲದ ಸಾಮಾನು. ಸಂಗ್ರಹಾಲಯಗಳೂ, ಮುಚ್ಚಿಹೋದ ಹಳೆಯ ಕಂಪನಿಗಳ ವಾರಸುದಾರರೂ ಬಾಡಿಗೆ ಕೊಟ್ಟು ಇಟ್ಟ ಕಾಗದದ ಪೆಟ್ಟಿಗೆಗಳು, ನಕ್ಷೆಗಳು, ಬಾವುಟಗಳು, ಬೀಜ ಮತ್ತು ಬಟ್ಟೆಯ ನಮೂನೆಗಳು. ಬೇಸಿಗೆಯಿರಲಿ ಚಳಿಯಿರಲಿ ಒಳಗೆ ಹದಿನೆಂಟು ಡಿಗ್ರಿ. ದಿನಕ್ಕೆ ಎರಡು ಸಲ ಗೋಡೆಯ ಮಾಪಕ ನೋಡಿ ತೇವ ಎಷ್ಟಿದೆ ಎಂದು ಬರೆದಿಡಬೇಕು. ಒಳಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಪೆಟ್ಟಿಗೆ ತೆಗೆಯುವವರು ಕೈಗವಸು ಹಾಕಬೇಕು, ಅದರ ಮೇಲಿನ ಹಾಳೆಯಲ್ಲಿ ಸಮಯ ಬರೆದು ಸಹಿ ಮಾಡಬೇಕು. ಈ ಹಾಳೆಯ ವಿಷಯ ಮುಂದೆ ಬೇಕಾಗುತ್ತದೆ.

ನನ್ನ ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಈ ದೇಶಕ್ಕೆ ನನ್ನನ್ನು ಕರೆತಂದದ್ದು ಅವಳ ಕೆಲಸ. ಅವಳು ತೀರಿಹೋಗಿ ಆಗ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಸಾಲುಮನೆಯೊಂದರ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಬಾಯಿ ತೆರೆಯುವ ಪ್ರಸಂಗ ಬರುತ್ತಿರಲಿಲ್ಲ. ಭಾನುವಾರ ಒಮ್ಮೊಮ್ಮೆ ದನಿ ಇದೆಯೋ ಇಲ್ಲವೋ ನೋಡೋಣ ಎಂದು ಸುಮ್ಮನೆ ಕೆಮ್ಮುತ್ತಿದ್ದೆ.

ಅಂಥ ಹೊತ್ತಿನಲ್ಲಿ, ತಾತ್ಕಾಲಿಕ ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಬಂದಳು. ನಲವತ್ತರ ಆಸುಪಾಸು, ರಾಣೇಬೆನ್ನೂರು ಕಡೆಯವಳು. ಗಂಡ ವೃದ್ಧರ ಆರೈಕೆ ಮನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ, ಮಗಳು ಎರಡನೆಯ ಇಯತ್ತೆ. ಹಳೆಯ ವಸ್ತುಗಳನ್ನು ತೆಳುಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು ಆಕೆಯ ಕೆಲಸ. ಕೈ ಬಹಳ ಹಗುರ. ಮೊದಲ ದಿನ ನನ್ನ ಬ್ಯಾಡ್ಜಿನ ಮೇಲಿನ ಹೆಸರು ಓದಿ ಬಳಿಗೆ ಬಂದವಳು ಮರುದಿನದಿಂದ ಊಟಕ್ಕೆ ನನ್ನ ಮೇಜಿಗೇ ಕೂರತೊಡಗಿದಳು.

"ಕಾಕಾ, ಇವತ್ತೂ ಬ್ರೆಡ್ಡೇನ್ರಿ?"

"ಅದರಾಗ ಟೊಮೇಟೊ ಐತಿ."

"ಟೊಮೇಟೊ ಇಟ್ಟರ ಊಟ ಆಗತೈತೇನ್ರಿ? ತಗೋರಿ. ರೊಟ್ಟಿ ಕಡಕ್ ಆಗ್ಯಾವ, ನಿಮ್ಮ ಹಲ್ಲು ತಡೀತಾವೋ ಇಲ್ಲೋ ನೋಡಕೋರಿ."

ಒಂದು ದಿನ ಮಾತಿನ ನಡುವೆ, ಈ ದೇಶಕ್ಕೆ ಬರುವ ಮೊದಲು ನಾನು ಹುಬ್ಬಳ್ಳಿಯಲ್ಲಿ ದಲಾಲರೊಬ್ಬರ ಅಡತಿ ಅಂಗಡಿಯಲ್ಲಿ ಹತ್ತಿ ನೋಡುವ ಕೆಲಸಕ್ಕಿದ್ದೆ ಎಂದು ಹೇಳಿದೆ. ಆಕೆ ರೊಟ್ಟಿಯ ಡಬ್ಬಿ ತನ್ನ ಕಡೆ ಎಳೆದುಕೊಂಡಳು.

"ಅಯ್ಯ, ಮೊದಲ ಹೇಳಿದ್ರ ರೊಟ್ಟೀನ ಕೊಡ್ತಿದ್ದಿಲ್ಲ ನಾ! ನಮ್ಮಪ್ಪ ಬೆಳದ ಹತ್ತೀನ ನಿಮ್ಮಂಥವರು ಒಂದು ಚಿಟಿಕಿ ಹಿಡಕೊಂಡು, ಹಿಂಗ ಎಳದು, ಮಾರಿ ಸಿಂಡರಿಸಿ, 'ಎಳಿ ಸಣ್ಣದೈತಿ' ಅಂತಿದ್ರಿ."

"ಸಣ್ಣದಿದ್ರ ಸಣ್ಣದ ಅಂತೀವಿ."

"ಉದ್ದ ಇದ್ದಾಗ ಯಾವಾಗರ ಉದ್ದ ಐತಿ ಅಂದೀರೇನ್ರಿ?"

ನಾನು ನಕ್ಕೆ. ಆಕೆಯೂ ನಕ್ಕು ಡಬ್ಬಿ ಮತ್ತೆ ನನ್ನತ್ತ ದೂಡಿದಳು. ಆಗ ಆಕೆಯ ಮನಸ್ಸೆಲ್ಲ ಒಂದೇ ಕಡೆ ಇತ್ತು. ಏಜೆನ್ಸಿಯಿಂದ ಬಂದವರಲ್ಲಿ ಒಬ್ಬರನ್ನು ಕಾಯಂ ಮಾಡಿಕೊಳ್ಳುವುದಾಗಿ ಮ್ಯಾನೇಜರ್ ಹೇಳಿದ್ದರು. ಕಾಯಂ ಆದರೆ ವೇಳೆ ಗೊತ್ತಾಗುತ್ತದೆ, ಮಗಳನ್ನು ಶಾಲೆಯಿಂದ ತಾನೇ ಕರೆತರಬಹುದು, ನಾಳೆ ಕೆಲಸ ಇದೆಯೋ ಇಲ್ಲವೋ ಎಂದು ಫೋನು ನೋಡುತ್ತ ಕೂರುವುದು ತಪ್ಪುತ್ತದೆ. ಇಂಗ್ಲಿಷ್ ಹೇಳಿದರೆ ಆಕೆಗೆ ತಿಳಿಯುತ್ತಿತ್ತು, ತಿರುಗಿ ಹೇಳುವಾಗ ತಡವರಿಸುತ್ತಿದ್ದಳು. ಹಾಗಾಗಿ ಅರ್ಜಿ ತುಂಬಿಕೊಟ್ಟದ್ದು ನಾನೇ.

ಹತ್ತಿ ನೋಡುವುದು ಎಂದರೇನು ಎಂದು ಸ್ವಲ್ಪ ಹೇಳಬೇಕು. ಬೀಜ ತೆಗೆದ ಅರಳೆಯಿಂದ ಒಂದು ಚಿಟಿಕೆ ಹಿರಿದು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆಯುತ್ತೇವೆ. ಎರಡಾದ ಭಾಗವನ್ನು ಒಂದರ ಮೇಲೊಂದಿಟ್ಟು ಮತ್ತೆ ಎಳೆಯುತ್ತೇವೆ. ಐದಾರು ಸಲ ಹೀಗೆ ಮಾಡಿದರೆ ಎಳೆಗಳೆಲ್ಲ ಬಾಚಿದ ಕೂದಲಿನಂತೆ ನೇರವಾಗುತ್ತವೆ. ಅದನ್ನು ಕಪ್ಪು ಬಟ್ಟೆಯ ಮೇಲಿಟ್ಟರೆ ಉದ್ದ ಕಾಣುತ್ತದೆ. ಒಂದೇ ಜಾತಿಯದಾದರೆ ತುದಿಗಳು ಸಮವಾಗಿರುತ್ತವೆ. ಎರಡು ಜಾತಿ ಬೆರೆತಿದ್ದರೆ ಉದ್ದ ಎಳೆಗಳ ಕೆಳಗೆ ಗಿಡ್ಡ ಎಳೆಗಳು ಬೇರೆಯೇ ಮೆಟ್ಟಿಲಾಗಿ ನಿಲ್ಲುತ್ತವೆ. ನೋಡಿದ ಮೇಲೆ ಆ ಚಿಟಿಕೆಯನ್ನು ಬೆರಳಲ್ಲಿ ಉಂಡೆ ಮಾಡಿ ಕಾಲ ಬಳಿಯ ಬುಟ್ಟಿಗೆ ಎಸೆಯುವುದು ಅಂಗಡಿಯ ರೂಢಿ. ಹತ್ತು ರೈತರ ನಮೂನೆ ಒಂದೇ ಬುಟ್ಟಿಯಲ್ಲಿ. ಸಂಜೆಗೆ ಅದು ಅಂಗಡಿಯ ಸೊತ್ತು. ಯಾವ ರೈತನೂ ತನ್ನ ಚಿಟಿಕೆ ವಾಪಸು ಕೇಳಿದ್ದು ನನಗೆ ನೆನಪಿಲ್ಲ.

ಆ ವರ್ಷ ಪಕ್ಕದ ಊರಾದ ಅಕ್ಸ್‌ಬ್ರಿಡ್ಜ್‌ನ ಒಂದು ಸಭಾಂಗಣದಲ್ಲಿ ಪ್ರದರ್ಶನ ಮಾಡಬೇಕೆಂದು ಒಬ್ಬ ಇಂಗ್ಲಿಷ್ ಮಹಿಳೆ ವಾರಕ್ಕೆ ಎರಡು ಸಲ ನಮ್ಮಲ್ಲಿಗೆ ಬರುತ್ತಿದ್ದರು. ನಾವು ಅವರನ್ನು ಪ್ರದರ್ಶನದ ಮೇಡಂ ಎನ್ನುತ್ತಿದ್ದೆವು. ಯುರೋಪಿನವರು ಸಮುದ್ರ ದಾಟಿ ಬೇರೆಯವರ ನೆಲ ಯಾಕೆ ಹಿಡಿದರು ಎಂಬುದು ಒಂದು ಗೋಡೆ. ಅದನ್ನು ಆಗಲೇ ತಪ್ಪೆಂದವರು ಯಾರು, ಏನೆಂದರು ಎಂಬುದು ಎದುರಿನ ಗೋಡೆ. ಮೊದಲ ಗೋಡೆಗೆ ಸಾಮಾನು ಬೇಕಾದಷ್ಟಿತ್ತು. ಗಿರಣಿಗೆ ಹತ್ತಿ ಬೇಕು, ನೇಯ್ದ ಬಟ್ಟೆಗೆ ಪೇಟೆ ಬೇಕು ಎಂಬ ವ್ಯಾಪಾರಿಗಳ ಕಾಗದ. ನಾವು ಹೋಗದಿದ್ದರೆ ಫ್ರಾನ್ಸಿನವರು ಹೋಗುತ್ತಾರೆ ಎಂಬ ದೊರೆಗಳ ಕಾಗದ. ಅಲ್ಲಿಯವರ ಆತ್ಮ ಉಳಿಸಬೇಕು ಎಂಬ ಪಾದ್ರಿಗಳದ್ದು, ಅವರಿಗೆ ಒಳ್ಳೆಯ ಬೇಸಾಯ ಕಲಿಸಬೇಕು ಎಂಬ ಅಧಿಕಾರಿಗಳದ್ದು. ಎದುರಿನ ಗೋಡೆಗೆ ಮೇಡಂ ಬಳಿ ಇದ್ದದ್ದು ಇಲ್ಲಿನವರೇ ಕೆಲವರು ಅಚ್ಚು ಹಾಕಿಸಿದ ಕಿರುಹೊತ್ತಗೆಗಳು. ನಮ್ಮ ಬಟ್ಟೆಗಾಗಿ ಇನ್ನೊಂದು ಜನರನ್ನು ಆಳಬಹುದೇ ಎಂದು ಕೇಳಿದ ಉಪದೇಶಿಗಳು, ಇದರಿಂದ ಲಾಭ ಕೆಲವರಿಗೆ, ಖರ್ಚು ಎಲ್ಲರಿಗೆ ಎಂದ ಪತ್ರಿಕೆಯವರು.

"ಆಳಿದವರ ಕಾಗದ ಗುಡ್ಡದಷ್ಟಿದೆ," ಎಂದರು ಮೇಡಂ ಒಮ್ಮೆ. "ಆಳಿಸಿಕೊಂಡವರ ಕಾಗದ ಒಂದು ಕೈಯಲ್ಲಿ ಹಿಡಿಯುವಷ್ಟೂ ಸಿಗುತ್ತಿಲ್ಲ. ಬೈಗುಳವನ್ನೂ ನಾವೇ ಬೈದುಕೊಂಡಂತೆ ಕಾಣುತ್ತದೆ."

ಅಂಥದ್ದೊಂದು ಸಿಕ್ಕಿತು. ಹತ್ತಿಯ ಕಾಗದಗಳ ಪೆಟ್ಟಿಗೆಯ ತಳದಲ್ಲಿ ಕೈಮಗ್ಗದ ಬಟ್ಟೆಯ ಒಂದು ಪುಟ್ಟ ಗಂಟು. ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿತ್ತು. ಜೊತೆಗೆ ನಾಲ್ಕಾಗಿ ಮಡಚಿದ ಕನ್ನಡದ ಕಾಗದ. ಮ್ಯಾನೇಜರ್ ನನ್ನನ್ನು ಕರೆಸಿದರು. "ನೀನು ಆ ಕಡೆಯವನಲ್ಲವೇ? ಓದಬಲ್ಲೆಯಾ?"

ಎರಡು ದಿನ ಹಿಡಿಯಿತು. ಪದಕ್ಕೂ ಪದಕ್ಕೂ ಜಾಗ ಬಿಡದ ಹಳೆಯ ಕೈಬರಹ. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಪೆನ್ಸಿಲಿನಲ್ಲಿ ಇಳಿಸಿಕೊಂಡೆ. ಸುಮಾರು ನೂರೈವತ್ತು ವರ್ಷದ ಹಿಂದೆ ಧಾರವಾಡ ಸೀಮೆಯ ಒಂದು ಊರಿನ ಹನ್ನೊಂದು ಜನ ರೈತರು ವಿಲಾಯಿತಿಯ ದೊಡ್ಡ ಸಾಹೇಬರಿಗೆ ಬರೆದ ದೂರು ಅದು. ಸರ್ಕಾರದವರು ಅಮೆರಿಕದ ಬೀಜ ಕೊಟ್ಟು ಬಿತ್ತಿರಿ ಎಂದರು, ಬಿತ್ತಿದೆವು. ಈಗ ತಪಾಸಣೆಯ ಸಾಹೇಬರು ನಾವು ಅದರಲ್ಲಿ ಊರ ಹತ್ತಿ ಬೆರೆಸಿದ್ದೇವೆ ಎಂದು ಮಾಲು ಜಪ್ತಿ ಮಾಡಿದ್ದಾರೆ, ಇಬ್ಬರನ್ನು ಹಿಡಿದು ಕೂಡಿಹಾಕಿದ್ದಾರೆ. ಬೆರಕೆ ಆದದ್ದು ನಮ್ಮ ಹೊಲದಲ್ಲಲ್ಲ, ನಿಮ್ಮ ಬೀಜ ಬಿಡಿಸುವ ಯಂತ್ರದ ಮನೆಯಲ್ಲಿ. ಅದಕ್ಕೆ ಸಾಕ್ಷಿಯಾಗಿ ಯಂತ್ರಕ್ಕೆ ಕೊಡುವ ಮುಂಚೆ ಮನೆಯಲ್ಲೇ ಬೀಜ ಬಿಡಿಸಿದ ಅರಳೆಯನ್ನು ಪ್ರತಿಯೊಬ್ಬರೂ ಬೇರೆ ಬೇರೆ ಪೊಟ್ಟಣ ಕಟ್ಟಿ, ತಮ್ಮ ತಮ್ಮ ಗುರುತು ಹಾಕಿ ಕಳಿಸಿದ್ದೇವೆ. ತಾವೇ ಕೈಯಲ್ಲಿ ಹಿಡಿದು ನೋಡಬೇಕು. ಇಷ್ಟು ಅದರ ಸಾರ. ಕೆಳಗೆ ನೇಗಿಲು, ಕುಡುಗೋಲು, ಲಿಂಗ ಎಂದು ಹನ್ನೊಂದು ಗುರುತುಗಳು. ಅರಗು ಒಡೆದಿರಲಿಲ್ಲ. ಯಾರೂ ನೋಡಿರಲೇ ಇಲ್ಲ.

ಮೇಡಂಗೆ ಬಹಳ ಸಂತೋಷವಾಯಿತು. ಆ ತಪಾಸಣೆಯವನ ವರದಿ ಅವರಿಗೆ ಮೊದಲೇ ಸಿಕ್ಕಿತ್ತು. ಈ ಜನರ ಕೈಗೆ ಬಂದ ಹತ್ತಿ ಬೆರಕೆಯಾಗದೆ ಹೊರಬರುವುದಿಲ್ಲ, ಆದ್ದರಿಂದ ನಮ್ಮ ಹತೋಟಿ ಬಿಗಿಯಾಗಬೇಕು ಎಂಬ ಅರ್ಥದ್ದು. ಅದು ಒಂದು ಗೋಡೆಗೆ, ಇದು ಎದುರಿನ ಗೋಡೆಗೆ. ಹೊಲಿಗೆ ಬಿಚ್ಚುವಾಗ ನನ್ನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡರು. ಒಳಗೆ ಹನ್ನೊಂದು ಕಾಗದದ ಪೊಟ್ಟಣ, ಒಂದೊಂದರ ಮೇಲೂ ಒಂದೊಂದು ಗುರುತು. ಬಂದವರಿಗೆಲ್ಲ ಅವರು ನನ್ನನ್ನು ತೋರಿಸಿ "ಇವರು ನಮ್ಮ ಹತ್ತಿ ತಜ್ಞರು" ಎನ್ನುತ್ತಿದ್ದರು. ಮೂವತ್ತು ವರ್ಷ ಈ ದೇಶದಲ್ಲಿ ಪೆಟ್ಟಿಗೆ ಹೊತ್ತವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮನೆಗೆ ಹೋಗಿ ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.

"ನೋಡಿದರೆ ಬೆರಕೆ ಇದೆಯೋ ಇಲ್ಲವೋ ಹೇಳಬಲ್ಲಿರಾ?" ಎಂದು ಕೇಳಿದರು.

"ಕೈಯಲ್ಲಿ ಹಿಡಿದರೆ ಹೇಳುತ್ತೇನೆ."

"ಹಿಡಿಯುವಂತಿಲ್ಲ. ಗುರುವಾರ ನೂಲು ಪರೀಕ್ಷೆಯವರು ಸೂಕ್ಷ್ಮದರ್ಶಕ ತರುತ್ತಾರೆ. ಒಂದೊಂದು ಪೊಟ್ಟಣದಿಂದ ನಾಲ್ಕೇ ಎಳೆ ತೆಗೆಯುತ್ತಾರೆ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು."

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಹೆಣ್ಣುಮಗಳು ಹಾಳೆಯಲ್ಲಿ ಸಹಿ ಮಾಡಿ ಪೊಟ್ಟಣಗಳಿದ್ದ ಮುಚ್ಚಳದ ತಟ್ಟೆಯನ್ನು ಮರುದಿನಕ್ಕೆಂದು ವಸ್ತುಗಳನ್ನು ನೋಡುವ ಕೋಣೆಯ ಮೇಜಿನ ಮೇಲೆ ಇಟ್ಟಳು. ಅಷ್ಟರಲ್ಲಿ ಲಾರಿ ಬಂತೆಂದು ಆಕೆಯನ್ನು ಸಾಮಾನು ಇಳಿಸುವ ಕಡೆ ಕರೆದರು. ನಾನು ತೇವದ ಮಾಪಕ ನೋಡಲು ಆ ಕೋಣೆಗೆ ಹೋದೆ. ಕೋಣೆಯ ಕಿಟಕಿ ಉತ್ತರಕ್ಕಿತ್ತು. ಹತ್ತಿ ನೋಡುವುದಕ್ಕೆ ಉತ್ತರದ ಬೆಳಕೇ ಬೇಕು. ಅಂಗಡಿಯಲ್ಲಿ ನಮ್ಮ ಗದ್ದುಗೆಯೂ ಉತ್ತರದ ಬಾಗಿಲಿಗೇ ಇತ್ತು.

ಒಂದೇ ಒಂದು ಪೊಟ್ಟಣ ನೋಡೋಣ ಎಂದುಕೊಂಡೆ. ನಾಳೆ ಆ ಪರೀಕ್ಷೆಯವನು ಬಾಯಿ ತೆರೆಯುವ ಮೊದಲೇ ಮೇಡಂಗೆ ಉತ್ತರ ಹೇಳಬೇಕು, ಸೂಕ್ಷ್ಮದರ್ಶಕ ಅದನ್ನೇ ಹೇಳಿದಾಗ ಅವರು ನನ್ನ ಮುಖ ನೋಡಬೇಕು. ಇದು ಆಸೆ. ಕೈಗವಸು ಹಾಕಿದರೆ ಎಳೆ ಬೆರಳಿಗೆ ಸಿಗುವುದಿಲ್ಲ, ತೆಗೆದೆ. ನೇಗಿಲಿನ ಗುರುತಿನದು ಬಿಚ್ಚಿದೆ. ಅರಳೆ ಹಳದಿಗೆ ತಿರುಗಿತ್ತು, ಎಳೆದಾಗ ಸ್ವಲ್ಪ ಪುಡಿಯೂ ಉದುರಿತು. ನೀಲಿ ಸಮವಸ್ತ್ರದ ತೋಳಿನ ಮೇಲೆ ಇಟ್ಟು ನೋಡಿದೆ. ಸಮ. ಕತ್ತರಿಸಿದಂತೆ ಸಮ. ಆಮೇಲೆ ಕುಡುಗೋಲಿನದು ಬಿಚ್ಚಿದೆ. ಅದೂ ಸಮ. ಆಗ ಬೆರಳುಗಳಿಗೆ ಹಳೆಯ ಓಟ ಬಂತು. ಪೊಟ್ಟಣ ಬಿಚ್ಚು, ಚಿಟಿಕೆ ಹಿರಿ, ಎಳೆ, ತೋಳಿನ ಮೇಲಿಡು, ಮುಂದಿನದು. ಮೂವತ್ತೈದು ವರ್ಷದ ಮೇಲೆ ನನ್ನ ಕೈ ಏನನ್ನೂ ಮರೆತಿರಲಿಲ್ಲ. ಅಷ್ಟು ಹೊತ್ತು ನಾನು ಒಬ್ಬನೇ ಇದ್ದೇನೆ ಎಂಬುದೇ ಮರೆತುಹೋಗಿತ್ತು.

ಬಾಗಿಲಲ್ಲಿ ಆಕೆ ನಿಂತಿದ್ದಳು.

"ಕಾಕಾ, ಏನ ಮಾಡಿದ್ರಿ ಇದು?"

"ಶುದ್ಧ ಐತಿ ತಂಗಿ. ಹನ್ನೊಂದೂ ಶುದ್ಧ. ಒಂದು ಗಿಡ್ಡ ಎಳಿ ಇಲ್ಲ. ಆ ಮಂದಿ ಸುಳ್ಳು ಹೇಳಿದ್ದಿಲ್ಲ."

"ನಿಮ್ಮ ಕೈ ನೋಡಕೋರಿ."

ನೋಡಿದೆ. ಎಡಗೈಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಒಂದು ಉಂಡೆ ಇತ್ತು. ಪೊಟ್ಟಣಗಳಲ್ಲಿ ಇದ್ದದ್ದೇ ಒಂದೊಂದು ಚಿಟಿಕೆ. ಒಂದೊಂದನ್ನೂ ನೋಡಿ ನೋಡಿ ಹಿಂದಿನದರ ಮೇಲೆ ಸುತ್ತಿ ಸುತ್ತಿ ನಾನು ಹನ್ನೊಂದು ಜನರ ಹತ್ತಿಯನ್ನೂ ಒಂದು ಮಾಡಿದ್ದೆ. ಬೆರೆಸಿಲ್ಲ ಎಂದು ಸಮುದ್ರದಾಚೆಗೆ ಸಾಕ್ಷಿ ಕಳಿಸಿದವರ ಸಾಕ್ಷಿಯನ್ನು ಬೆರೆಸಿದವನು ನಾನು.

ಆಕೆ ಕೈಗವಸು ಹಾಕಿಕೊಂಡು ಕೂತು ಉಂಡೆ ಬಿಡಿಸಲು ನೋಡಿದಳು. "ಬ್ಯಾರೆ ಬ್ಯಾರೆ ಮಾಡಾಕ ಬರತೈತೇನ್ರಿ?" ಎಂದಳು. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಕೈ ಬಿಟ್ಟಳು.

"ಈಗಿಂದೀಗ ಮ್ಯಾನೇಜರ್‌ಗೆ ಹೇಳ್ರಿ ಕಾಕಾ. ನಿಮಗ ಏನೂ ಅನ್ನಂಗಿಲ್ಲ ಅವರು. ಓದಾಕ ತಾವ ಕರದಾರ, ತಜ್ಞರು ಅಂದಾರ. ಹೇಳಿಬಿಡ್ರಿ."

"ನಾಳೆ ಮೇಡಂ ಬರಲಿ. ಅವರ ಮುಂದನ ಹೇಳ್ತೀನಿ."

"ನಾಳೆ ಯಾಕ್ರಿ?"

"ಹತ್ತಿ ಶುದ್ಧ ಐತಿ ಅನ್ನೋದೂ ಹೇಳಬೇಕಲ್ಲ. ಅದು ಅವರಿಗೆ ತಿಳೀತೈತಿ, ಇವಂಗ ತಿಳಿಯಂಗಿಲ್ಲ."

ಆಕೆ ಒಪ್ಪಿಕೊಂಡಳು. ಉಂಡೆಯನ್ನು ತೆಳುಕಾಗದದ ಮೇಲಿಟ್ಟು, ಖಾಲಿ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿ ತಟ್ಟೆ ಮುಚ್ಚಿದಳು. ಹಾಳೆಯಲ್ಲಿ ನಾನು ಸಹಿ ಮಾಡಲಿಲ್ಲ. ಮಾಡಿರಿ ಎಂದು ಆಕೆ ಕೇಳಲೂ ಇಲ್ಲ. ಸಂಜೆ ಕಾಲುವೆಯ ದಂಡೆ ಹಿಡಿದು ಮನೆಗೆ ನಡೆಯುತ್ತ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಕೂಡಿಸಿಕೊಂಡೆ. ಒಳ್ಳೆಯ ವಾಕ್ಯಗಳೇ. ಇವತ್ತಿಗೂ ಬಾಯಿಪಾಠ ಇವೆ.

ಗುರುವಾರ ಪರೀಕ್ಷೆಯವನು ಬಂದ, ಮೇಡಂ ತಟ್ಟೆ ತೆರೆದರು. ಅವರು ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಷ್ಟು ವರ್ಷ ಹಾಗೇ ಇತ್ತು," ಎಂದರು. "ನಮ್ಮ ಕೈಗೆ ಬಂದು ಒಂಬತ್ತು ದಿನ." ಆಗ ಹೇಳಬೇಕಿತ್ತು. ನಾಲ್ಕು ವಾಕ್ಯ ನಾಲಿಗೆಯ ತುದಿಯಲ್ಲಿದ್ದವು. ಅವರು ತಲೆಯೆತ್ತಿ ನನ್ನತ್ತ ನೋಡಿ, "ನಿಮಗೆ ಎಷ್ಟು ನೋವಾಗಿದೆಯೋ ನನಗೆ ಅರ್ಥವಾಗುತ್ತದೆ," ಎಂದರು. ಆ ಮಾತು ಕೇಳಿದ ಮೇಲೆ ನನ್ನ ಬಾಯಿ ತೆರೆಯಲಿಲ್ಲ.

ಹಾಳೆಯಲ್ಲಿ ಇದ್ದದ್ದು ಒಂದೇ ಸಹಿ. ಮಧ್ಯಾಹ್ನಕ್ಕೆ ಮುಂಚೆ ಮ್ಯಾನೇಜರ್ ತಮ್ಮ ಕೋಣೆಗೆ ಆಕೆಯನ್ನು ಕರೆಸಿದರು. ಆಕೆಯ ಇಂಗ್ಲಿಷ್ ತಡವರಿಸುತ್ತದೆಂದು ನನ್ನನ್ನು ದುಭಾಷಿಯಾಗಿ ಕೂರಿಸಿದರು. ಮೇಡಂ ಕಿಟಕಿಯ ಬಳಿ ನಿಂತಿದ್ದರು.

"ಪೊಟ್ಟಣ ಬಿಚ್ಚಿದ್ದು ನೀವೇನಾ?"

"ನೋ. ನಾಟ್ ಮೀ," ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಅವಸರವಿಲ್ಲದೆ ಹೇಳಿದಳು: "ನಾ ಮುಟ್ಟಿಲ್ಲ ಅಂತ ಹೇಳ್ರಿ. ಮುಟ್ಟಿದವರು ಈ ಖೋಲ್ಯಾಗ ಅದಾರ. ಅವರ ಬಾಯಿಂದನ ಬರಲಿ ಅಂತ ಸುಮ್ಮನದೀನಿ ಅಂತ ಹೇಳ್ರಿ ಕಾಕಾ."

ಮ್ಯಾನೇಜರ್ ಪೆನ್ನು ಎತ್ತಿ ನನ್ನ ಮುಖ ನೋಡಿದರು. "ಏನು ಹೇಳುತ್ತಿದ್ದಾರೆ?"

ನಾನು ಹೇಳಿದೆ: "ತಾನು ಮುಟ್ಟಿದ್ದು ನೆನಪಿಲ್ಲ ಎನ್ನುತ್ತಿದ್ದಾರೆ."

ಅಷ್ಟೇ. ಒಂದು ವಾಕ್ಯ. ಮ್ಯಾನೇಜರ್ ಅದನ್ನೇ ಬರೆದುಕೊಂಡರು. ಆಕೆಗೆ ಇಂಗ್ಲಿಷ್ ಹೇಳಿದರೆ ತಿಳಿಯುತ್ತಿತ್ತು ಎಂದು ಮೊದಲೇ ಬರೆದಿದ್ದೇನೆ. ಆಕೆ ನನ್ನನ್ನೇ ನೋಡಿದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ತೂಕದ ಮನುಷ್ಯ ತಪ್ಪು ತೂಕ ಹೇಳಿದಾಗ ರೈತ ನೋಡುವ ನೋಟ ಅದು. ನೂರಾರು ಸಲ ಕಂಡಿದ್ದೇನೆ. ಗದ್ದುಗೆಯ ಮೇಲೆ ಕೂತವನ ಎದುರು ವಾದಿಸಿ ಉಪಯೋಗವಿಲ್ಲ ಎಂದು ಗೊತ್ತಿದ್ದವರ ನೋಟ. ಆಕೆ ಇಂಗ್ಲಿಷಿನಲ್ಲಿ "ಹೀ" ಎಂದು ನನ್ನತ್ತ ಬೆರಳು ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಏಜೆನ್ಸಿಗೆ ಫೋನು ಹೋಯಿತು. ಎರಡು ಗಂಟೆಯೊಳಗೆ ಆಕೆ ಲಾಕರ್ ಖಾಲಿ ಮಾಡಿದಳು. ಊಟದ ಕೋಣೆಗೆ ಬಂದು, "ನನ್ನ ಡಬ್ಬಿ ಕೊಡ್ರಿ," ಎಂದಳು. ಕಾಕಾ ಎನ್ನಲಿಲ್ಲ. ಹಿಂದಿನ ದಿನದ ಡಬ್ಬಿ, ನಾನು ತೊಳೆದಿಟ್ಟಿದ್ದೆ. ಕೊಟ್ಟೆ. ಕಾಯಂ ಕೆಲಸ ಮುಂದಿನ ತಿಂಗಳು ಬೇರೆಯವರಿಗೆ ಹೋಯಿತು.

ಹೆದರಿ ಹೀಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನನ್ನ ನಿವೃತ್ತಿಗೆ ಏಳು ತಿಂಗಳಷ್ಟೇ ಉಳಿದಿತ್ತು. ಹೆಚ್ಚೆಂದರೆ ಒಂದು ಎಚ್ಚರಿಕೆಯ ಪತ್ರ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಮೇಡಂ ಇನ್ನೂ ಸ್ವಲ್ಪ ದಿನ ನನ್ನನ್ನು ತಜ್ಞ ಎನ್ನುವುದು. ಅದಕ್ಕೆ ಇನ್ನೊಬ್ಬರ ಅನ್ನ ಕಿತ್ತುಕೊಂಡೆ. ಪ್ರದರ್ಶನದ ಮೊದಲ ಗೋಡೆಯ ಬರಹಗಳನ್ನು ಚೌಕಟ್ಟಿಗೆ ಹಾಕುವ ಕೆಲಸ ಆಮೇಲೆ ನನ್ನ ಪಾಲಿಗೇ ಬಂತು. ಅವುಗಳನ್ನು ಬರೆದವರನ್ನು ಬಯ್ಯುವ ಹಕ್ಕು ನನಗಿದೆ ಎಂದು ನಂಬಿಕೊಂಡು ಬದುಕಿದ್ದವನು ನಾನು. ಆತ್ಮ ಉಳಿಸುತ್ತೇವೆ, ಬೇಸಾಯ ಕಲಿಸುತ್ತೇವೆ ಎಂಬ ಕಾಗದಗಳಿಗೆ ಗಾಜು ಕೂರಿಸುವಾಗ ಅವರು ಸುಳ್ಳರು ಎಂದು ಅನ್ನಿಸಲಿಲ್ಲ. ತಮ್ಮ ಆಸೆಗೆ ಒಳ್ಳೆಯ ಹೆಸರು ಇಟ್ಟು, ಕೊನೆಗೆ ಅದನ್ನು ತಾವೇ ನಂಬಿದವರು ಅನ್ನಿಸಿತು. ನಾನೂ ಹತ್ತಿ ಶುದ್ಧ ಎಂದು ತಿಳಿಸುವುದಕ್ಕೇ ಬಿಚ್ಚಿದೆ ಎಂದುಕೊಂಡಿದ್ದೆನಲ್ಲ.

ಪ್ರದರ್ಶನ ತೆರೆದ ಮೇಲೆ ಒಂದು ಶನಿವಾರ ಅಕ್ಸ್‌ಬ್ರಿಡ್ಜ್‌ಗೆ ಹೋದೆ. ರೈತರ ದೂರು, ನನ್ನ ಅನುವಾದ, ಖಾಲಿ ಪೊಟ್ಟಣಗಳು, ಆ ಉಂಡೆ ಗಾಜಿನೊಳಗಿದ್ದವು. ಪಕ್ಕದ ಚೀಟಿಯಲ್ಲಿ, ನಮೂನೆಗಳು ಒಂದರೊಳಗೊಂದು ಬೆರೆತುಹೋಗಿ, ಹೊರಗಿನ ಎಳೆ ಸೇರಿದೆಯೋ ಇಲ್ಲವೋ ತಿಳಿಯದ್ದರಿಂದ ಇವರ ಮಾತು ನಿಜವೋ ಅಲ್ಲವೋ ಈಗ ಹೇಳಲಾಗದು ಎಂದಿತ್ತು. ಸ್ಟ್ಯಾನ್ಮೋರ್‌ನಿಂದ ಬಂದಿದ್ದ ಮೈಸೂರು ಕಡೆಯ ಡಾಕ್ಟರ್ ದಂಪತಿ ಅದನ್ನು ಓದುತ್ತಿದ್ದರು.

"ಬೆರೆಸಿರ್ತಾರೆ ಬಿಡು," ಎಂದರು ಗಂಡ ನಗುತ್ತ. "ಹಾಲಿಗೆ ನೀರು ಹಾಕೋ ಜನ ನಾವು, ಹತ್ತಿ ಬಿಡ್ತೀವಾ?"

"ಷ್, ಮೆತ್ತಗೆ ಮಾತಾಡ್ರೀ. ಅವರೂ ಕನ್ನಡದೋರು ಅನ್ಸತ್ತೆ."

ನಾನು ಅಂದುಬಿಟ್ಟೆ: "ಬೆರಕೆ ಇರಲಿಲ್ಲ ಸರ್."

"ಹೌದಾ? ನಿಮಗೆ ಹೇಗೆ ಗೊತ್ತು?"

"ಹೀಗೇ ಅಂದೆ," ಎಂದು ಹೊರಗೆ ಬಂದೆ.

ನಿವೃತ್ತಿಯಾಗಿ ಒಂದು ವರ್ಷದ ಮೇಲೆ ಹೇಸ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಆಕೆ ಕಂಡಳು. ಮಗಳು ಜೊತೆಗಿದ್ದಳು, ಎತ್ತರವಾಗಿದ್ದಳು. ನಾನು ಕಂಬದ ಮರೆಗೆ ಸರಿದೆ. ಆಕೆಯೇ ಬಂದಳು.

"ಆರಾಮ ಅದೀರೇನ್ರಿ?"

"ಆರಾಮ. ನೀವು?"

"ನಡದೈತ್ರಿ. ವಿಮಾನದ ಊಟ ಕಟ್ಟೋ ಕಡೆ ಹೊಂಟೀನಿ. ಪಾಳಿ ಕೆಲಸ." ಆಮೇಲೆ ಕೇಳಿದಳು: "ಆ ಹತ್ತಿ ಏನಾತ್ರಿ?"

"ಗಾಜಿನಾಗ ಇಟ್ಟಿದ್ರು. ನಿಜ ಏನಂತ ಹೇಳಾಕ ಬರಂಗಿಲ್ಲ ಅಂತ ಬರದಾರ."

"ನಿಮಗ ಗೊತ್ತಿತ್ತಲ್ರಿ."

"ಹೂಂ."

"ಆ ಹನ್ನೊಂದು ಮಂದಿ ಖರೇನ ಹೇಳಿದ್ರು. ಹೌದಿಲ್ರಿ?"

"ಹೌದು. ಖರೇನ ಹೇಳಿದ್ರು."

"ಮಮ್, ದ ಟ್ರೇನ್!" ಎಂದಳು ಮಗಳು. ಆಕೆ ತಲೆಯಾಡಿಸಿ ಹತ್ತಿದಳು. ಅದೇ ರೈಲಿಗೆ ಕಾಯುತ್ತಿದ್ದವನು ನಾನು ಹತ್ತಲಿಲ್ಲ. ತಪ್ಪಾಯಿತು ಎನ್ನಲು ಎಷ್ಟು ಹೊತ್ತು ಬೇಕು? ಆಕೆ ಅಷ್ಟು ಹೊತ್ತು ನನ್ನ ಎದುರಿಗೇ ನಿಂತಿದ್ದಳು.

ಆ ವಾರವೇ ಮೇಡಂಗೆ ಪತ್ರ ಬರೆದೆ. ಬಿಚ್ಚಿದ್ದು ನಾನು, ಬೆರೆಸಿದ್ದು ನಾನು, ಬೆರೆಸುವ ಮೊದಲು ಒಂದೊಂದನ್ನೂ ನೋಡಿದ್ದೇನೆ, ಹನ್ನೊಂದೂ ಶುದ್ಧವಾಗಿದ್ದವು, ವಿಚಾರಣೆಯಲ್ಲಿ ಆ ಕೆಲಸಗಾರ್ತಿಯ ಮಾತನ್ನು ತಿರುಚಿದೆ ಎಂದು ಬರೆದೆ. ಅವರು ಹದಿನೈದು ದಿನ ಬಿಟ್ಟು ಉತ್ತರಿಸಿದರು. ಬಯ್ದಿರಲಿಲ್ಲ. ನನ್ನ ಹೇಳಿಕೆಯನ್ನು ದೂರಿನ ಕಾಗದದ ಜೊತೆಯಲ್ಲೇ ಇಡಿಸಿದ್ದಾಗಿಯೂ, ಮುಂದೆ ಎಲ್ಲಿ ಪ್ರದರ್ಶಿಸಿದರೂ ಹೊಸ ಚೀಟಿ ಹಾಕುವುದಾಗಿಯೂ ತಿಳಿಸಿದ್ದರು. ಕೊನೆಗೆ ಒಂದು ಸಾಲು. ಆಕೆಯ ಹೆಸರೇನು, ಅದನ್ನೂ ದಾಖಲೆಯಲ್ಲಿ ಸೇರಿಸಬೇಕು, ಆಕೆಗೂ ಏಜೆನ್ಸಿಗೂ ನಾವು ಬರೆಯಬೇಕು.

ನಾನು ಉತ್ತರ ಬರೆಯಲಿಲ್ಲ. ಹೆಸರು ಕೊಟ್ಟರೆ ಆಕೆಗೆ ಪತ್ರ ಹೋಗುತ್ತದೆ. ಆಕೆ ಓದುತ್ತಾಳೆ. ಓದಿದ ಮೇಲೆ ಒಂದು ದಿನ ಅದೇ ಪ್ಲಾಟ್‌ಫಾರ್ಮಿನಲ್ಲಿ ನನ್ನೆದುರು ಬಂದು ನಿಲ್ಲುತ್ತಾಳೆ, ಆಗ ಆರಾಮ ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹನ್ನೊಂದು ಜನ ಸತ್ತವರ ಮುಂದೆ ತಪ್ಪೊಪ್ಪಿಕೊಳ್ಳಲು ನನಗೆ ಸಾಧ್ಯವಾಯಿತು. ಬದುಕಿರುವ ಒಬ್ಬಳ ಮುಂದೆ ಆಗಲಿಲ್ಲ. ಮೇಡಂ ಇನ್ನೊಮ್ಮೆ ಕೇಳಿದರು. ಆಮೇಲೆ ಅವರ ಪತ್ರಗಳೂ ನಿಂತವು.

ವಿಚಾರಣೆಯ ಕಾಗದದಲ್ಲಿ ಆಕೆ ಏಜೆನ್ಸಿಯ ಕೆಲಸಗಾರ್ತಿ. ನಾನು ಮೇಡಂಗೆ ಬರೆದ ಪತ್ರದಲ್ಲೂ ಹಾಗೇ. ಇಲ್ಲಿಯವರೆಗೆ ಬರೆದ ಇಷ್ಟು ಪುಟದಲ್ಲೂ ನಾನು ಹಾಗೇ ನಡೆದುಕೊಂಡಿದ್ದೇನೆ. ಅರ್ಜಿ ತುಂಬಿದವನು ನಾನು, ಹೆಸರು ಅಕ್ಷರ ಅಕ್ಷರವಾಗಿ ಗೊತ್ತು. ಶಿವಲೀಲಾ.